ದಪ್ಪ ಅಟ್ಟೆಯ ಶೂ ಮೆಟ್ಟಿಕೊಂಡು ಪಾರ್ಲೆಯವರೆಗೆ

ಹೆಂಡತಿ ತೀರಿಕೊಂಡ ವರ್ಷವೇ ನಾನು ಓಡಲು ಶುರುಮಾಡಿದ್ದು. ಕೇಳಿದವರಿಗೆಲ್ಲ ಆರೋಗ್ಯಕ್ಕೆಂದು ಹೇಳುತ್ತಿದ್ದೆ. ನಿಜವೆಂದರೆ, ನಸುಕಿನಲ್ಲಿ ಎಚ್ಚರವಾದ ಮೇಲೆ ಮುಂಬಯಿಯ ಸಯನ್‌ನ ಆ ಎರಡು ಕೋಣೆಗಳಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಫೋರ್ಟ್‌ನ ವಿಮಾ ಕಚೇರಿಯಿಂದ ಆಗಷ್ಟೇ ನಿವೃತ್ತನಾಗಿದ್ದೆ. ಲೋಕಲ್ ರೈಲು ಹಿಡಿಯುವ ಅವಸರವಿಲ್ಲ, ಡಬ್ಬಿ ಕಟ್ಟಿಕೊಡುವವಳೂ ಇಲ್ಲ. ಒಬ್ಬಳೇ ಮಗಳು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸ ಹಿಡಿದು, ವಿಲೆ ಪಾರ್ಲೆಯಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಳು. ಸಯನ್‌ನಿಂದ ದಿನಾ ಹೋಗಿಬರುವುದು ಕಷ್ಟವೆಂದಳು. ಅಮ್ಮನಿಲ್ಲದ ಮನೆಯಲ್ಲಿ ಇರುವುದು ಅದಕ್ಕಿಂತ ಕಷ್ಟವೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ನಡೆದೆ, ಆಮೇಲೆ ಓಡಿದೆ. ಮಾಟುಂಗದ ತೋಟಗಳ ಸುತ್ತ ಭಾನುವಾರ ಓಡುವ ಒಂದು ಗುಂಪು ನನ್ನನ್ನು ಸೇರಿಸಿಕೊಂಡಿತು. ನನ್ನ ಕಾಲಲ್ಲಿದ್ದದ್ದು ಕಚೇರಿಯ ಪಿಕ್ನಿಕ್ಕಿಗೆಂದು ಯಾವಾಗಲೋ ಕೊಂಡ ತೆಳು ಅಟ್ಟೆಯ ಶೂ. ದೂರ ಹೆಚ್ಚಿದಂತೆ ಹಿಮ್ಮಡಿ ನೋಯತೊಡಗಿತು. ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದರೆ ಮೊಳೆ ಹೊಡೆದಂತಾಗುತ್ತಿತ್ತು. ಫೋನಿನಲ್ಲಿ ಮಗಳಿಗೆ ಬಾಯಿ ತಪ್ಪಿ ಹೇಳಿದೆ. ಅದೇ ವಾರ ಅವಳು ದೊಡ್ಡ ಡಬ್ಬವೊಂದನ್ನು ಹಿಡಿದುಕೊಂಡು ಬಂದಳು.

“ಎಂತ ಮಗಾ ಇದು, ಶೂವಾ ಗಾದಿಯಾ?” ಎಂದೆ. ಅಟ್ಟೆ ಬ್ರೆಡ್ಡಿನ ಪೌಂಡಿನಷ್ಟು ದಪ್ಪವಿತ್ತು. ಬಣ್ಣ ಗಿಳಿಹಸಿರು.

“ಪಪ್ಪಾ, ಹಾಕಿ ನೋಡಿ ಅಲ್ವಾ. ಬಹುತ್ ಸಾಫ್ಟ್ ಉಂಟು. ನಮ್ಮ ಆಫೀಸಲ್ಲಿ ಮ್ಯಾರಥಾನ್ ಓಡೋರೆಲ್ಲ ಇದೇ ಹಾಕೋದು.”

“ನನ್ನ ವಯಸ್ಸಿಗೆ ಈ ಬಣ್ಣವಾ?”

“ಟ್ರಕ್‌ವಾಲಾಗೆ ಕಾಣ್ಬೇಕಲ್ಲ!”

ಅವಳೇ ನೆಲದ ಮೇಲೆ ಕುಳಿತು ಲೇಸು ಕಟ್ಟಿದಳು. ಚಿಕ್ಕಂದಿನಲ್ಲಿ ಅವಳ ಶಾಲೆಯ ಶೂಗೆ ನಾನು ಕಟ್ಟುತ್ತಿದ್ದ ಹಾಗೆ ಎರಡು ಗಂಟು ಹಾಕಿದಳು. ಚಹಾ ಕುಡಿದು, ಪಾಳಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮರುದಿನ ಅದನ್ನು ಮೆಟ್ಟಿ ರಸ್ತೆಗಿಳಿದಾಗ ಇಡ್ಲಿಗಳ ಮೇಲೆ ಕಾಲಿಟ್ಟಂತಿತ್ತು. ಮೂಟೆಯಷ್ಟು ಭಾರವಿರಬಹುದೆಂದುಕೊಂಡಿದ್ದೆ, ಆದರೆ ಹತ್ತಿಯಷ್ಟು ಹಗುರ. ಹೆಜ್ಜೆ ಇಟ್ಟಾಗ ಒಳಗೆ ಕುಸಿಯುತ್ತದೆ, ಎತ್ತುವಾಗ ತಾನೇ ಮುಂದಕ್ಕೆ ತಳ್ಳುತ್ತದೆ. ಆದರೆ ನೆಲ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಹಳೆಯ ಶೂನಲ್ಲಿ ಪಾದಕ್ಕೆ ಚಿಕ್ಕ ಕಲ್ಲೂ ತಿಳಿಯುತ್ತಿತ್ತು. ಇದರಲ್ಲಿ ಡಾಂಬರೂ ಒಂದೇ, ಕಾಂಕ್ರೀಟೂ ಒಂದೇ. ಕೆಲವು ವಾರಗಳಲ್ಲಿ ಹಿಮ್ಮಡಿಯ ನೋವು ಇಳಿಯಿತು. ಬದಲಿಗೆ ಮೀನಖಂಡ ಬಿಗಿಯತೊಡಗಿತು.

ಗುಂಪಿನಲ್ಲಿ ಇದರ ಬಗ್ಗೆ ಎರಡು ಪಕ್ಷ. ಓಟ ಮುಗಿಸಿ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಾಫಿಗೆ ಕೂತರೆ ಮಾತೆಲ್ಲ ಶೂಗಳದ್ದೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ, “ನನ್ನ ಮೊಣಕಾಲು ಉಳಿಸಿದ್ದೇ ಈ ದಪ್ಪ ಸೋಲ್. ಮೊದಲೆಲ್ಲ ದೂರ ಓಡಿದ ಮರುದಿನ ಮೆಟ್ಟಿಲು ಇಳಿಯೋಕೆ ಆಗ್ತಿರಲಿಲ್ಲ” ಎನ್ನುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು, “ಮಂಚದ ಮೇಲೆ ಓಡಿದ ಹಾಗೆ ಆಗ್ತದೆ ಮಾರಾಯ್ರೇ. ಕಾಲು ಸೋಮಾರಿ ಆಗ್ತದೆ” ಎಂದು ವಾದಿಸುತ್ತಿದ್ದರು. ನಾನು ಎರಡೂ ಕಡೆ ತಲೆಯಾಡಿಸುತ್ತಿದ್ದೆ. ನನಗೆ ಬೇಕಿದ್ದದ್ದು ವಾದವಲ್ಲ, ಆ ಮೇಜಿನ ಸುತ್ತಲಿನ ಗದ್ದಲ. ಆದರೆ ಕಾಫಿ ಮುಗಿಯುತ್ತಲೇ ಒಬ್ಬೊಬ್ಬರ ಫೋನು ಬಡಿದುಕೊಳ್ಳುತ್ತಿತ್ತು. ಒಬ್ಬರಿಗೆ ಮಗನ ಕ್ರಿಕೆಟ್ಟು, ಇನ್ನೊಬ್ಬರಿಗೆ ಮನೆಗೆ ಮೀನು ತರುವುದು. ಎಲ್ಲರೂ ಎದ್ದುಹೋದ ಮೇಲೆ ನಾನು ಇನ್ನೊಂದು ಕಾಫಿ ತರಿಸುತ್ತಿದ್ದೆ. ಅದು ಬೇಕಿತ್ತೆಂದಲ್ಲ.

ಭಾನುವಾರ ಸಂಜೆ ಮಗಳ ಫೋನು ಬರುತ್ತಿತ್ತು. “ಪಪ್ಪಾ, ಶೂ ಹೇಗುಂಟು? ಎಷ್ಟು ಓಡಿದ್ರಿ? ಸೋಲ್ ಸವೆದಿದೆಯಾ?” ನಾನು ಉತ್ತರಿಸುತ್ತಿದ್ದೆ. ಅಷ್ಟಕ್ಕೇ ಫೋನು ಇಡುತ್ತಿದ್ದೆವು. ಅಮ್ಮನಿದ್ದಾಗ ಅವಳು ಹೊರಗಿನಿಂದ ಫೋನು ಮಾಡಿದರೆ ಅಮ್ಮನ ಜೊತೆ ಬಹಳ ಹೊತ್ತು ಮಾತಾಡಿ, ಕೊನೆಗೆ “ಪಪ್ಪಾಗೆ ಕೊಡು” ಎಂದು ಎರಡು ಮಾತಾಡಿ ಇಡುತ್ತಿದ್ದಳು. ಈಗ ಅವಳಿಗೆ ಉಳಿದವನು ಆ ಎರಡು ಮಾತಿನ ಅಪ್ಪ. ಶೂ ಇಲ್ಲದಿದ್ದರೆ ಅಷ್ಟಾದರೂ ಏನು ಮಾತಾಡುತ್ತಿದ್ದೆವೋ ತಿಳಿಯದು.

ಮಳೆಗಾಲದ ಒಂದು ಬೆಳಿಗ್ಗೆ ಒಬ್ಬನೇ ಓಡುತ್ತಿದ್ದಾಗ, ಫುಟ್‌ಪಾತಿನ ಕಿತ್ತುಬಂದ ಪೇವರ್ ಬ್ಲಾಕಿನ ಅಂಚಿಗೆ ಬಲಗಾಲು ಬಿತ್ತು. ತೆಳು ಶೂ ಆಗಿದ್ದರೆ ಸಾವರಿಸಿಕೊಳ್ಳುತ್ತಿದ್ದೆನೋ ಏನೋ. ಆ ಎತ್ತರದ ಮೇಲಿಂದ ಪಾದ ಪಕ್ಕಕ್ಕೆ ಮಗುಚಿತು, ನಾನು ಬಿದ್ದೆ. ಹಾಲಿನ ಟೆಂಪೋದವನು ನಿಲ್ಲಿಸಿ, “ಕಾಕಾ, ಲಗಾ ಕ್ಯಾ?” ಎಂದ. ಏನೂ ಆಗಿಲ್ಲವೆಂದು ಕೈಯಾಡಿಸಿದೆ, ಅವನು ಹೋದ. ಕಾಲಗಂಟು ನೋಡುತ್ತಿದ್ದಂತೆಯೇ ಊದುತ್ತಿತ್ತು. ಫೋನು ತೆಗೆದೆ. ಯಾರಿಗೆ ಮಾಡಲಿ? ಗುಂಪಿನವರು ತಮ್ಮ ತಮ್ಮ ಆಫೀಸಿನ ತಯಾರಿಯಲ್ಲಿರುತ್ತಾರೆ. ಮಗಳು ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿರುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಅವಳು ತಂದ ಶೂನಿಂದಲೇ ಬಿದ್ದೆನೆಂದು ಹೇಗೆ ಹೇಳುವುದು? ಮಳೆಯಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಟ್ಯಾಕ್ಸಿ ಹಿಡಿದು ಮನೆ ಸೇರಿದೆ. ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿಲ್ಲ. ಮೆಟ್ಟಿಲ ಮೇಲೆ ಕೂತುಕೂತು, ಹಿಂದುಹಿಂದಕ್ಕೆ ಮೇಲೇರಿದೆ.

ಆ ಭಾನುವಾರ ಅವಳ ಫೋನು ಎತ್ತಲಿಲ್ಲ. ಎತ್ತಿದರೆ ಶೂ ಬಗ್ಗೆ ಕೇಳುತ್ತಾಳೆ. ಮರುದಿನ ಬೆಳಿಗ್ಗೆ ಬಾಗಿಲ ಬೀಗ ತಿರುಗಿದ ಸದ್ದಾಯಿತು. ತನ್ನ ಹತ್ತಿರವಿದ್ದ ಚಾವಿಯಿಂದ ತೆರೆದುಕೊಂಡು ಬಂದವಳು, ಸ್ಟೂಲಿನ ಮೇಲಿದ್ದ ನನ್ನ ಕಾಲನ್ನೂ ಅದರ ಮೇಲಿಟ್ಟಿದ್ದ ಫ್ರೀಜರಿನ ಬಟಾಣಿ ಪೊಟ್ಟಣವನ್ನೂ ನೋಡಿ ಬಾಗಿಲಲ್ಲೇ ನಿಂತಳು.

“ಯೇ ಕಬ್ ಹುವಾ? ಯಾವಾಗ ಆದದ್ದು ಪಪ್ಪಾ?”

“ಏನಿಲ್ಲ ಮಗಾ. ಸ್ವಲ್ಪ ಉಳುಕಿದ್ದು.”

“ಏನಿಲ್ಲ? ನಂಗೆ ಒಂದು ಕಾಲ್ ಮಾಡ್ಲಿಕ್ಕೆ ಆಗೋದಿಲ್ವಾ?”

“ನಿನ್ನ ಶೂ… ನಿಂಗೆ ಬೇಜಾರಾಗ್ತದೆ ಅಂತ.”

“ಶೂ ಗಯಾ ಭಾಡ್ ಮೇ! ಹಾಳಾಗಿ ಹೋಗ್ಲಿ ಶೂ!” ಎಂದು ಕಿರುಚಿದಳು. ಬ್ಯಾಗನ್ನು ನೆಲಕ್ಕೆ ಹಾಕಿದಳು. “ಮಮ್ಮಿ ಭೀ ಐಸಾಹೀ. ಎದೆ ನೋವು ಬಂದ್ರೂ ಏನಿಲ್ಲ, ಗ್ಯಾಸು, ಏನಿಲ್ಲ. ನಿಮ್ಗೂ ಹೇಳ್ಲಿಲ್ಲ, ನಂಗೂ ಹೇಳ್ಲಿಲ್ಲ. ಈಗ ನೀವು. ನಾನು ರಾತ್ರಿ ಎಲ್ಲಾ ಏನೇನು ಸೋಚ್ ಮಾಡಿದ್ದು ಗೊತ್ತುಂಟಾ ನಿಮ್ಗೆ?”

ಅಮ್ಮ ತೀರಿದ ಮೇಲೆ ಅಮ್ಮನ ಬಗ್ಗೆ ಮಗಳ ಬಾಯಿಂದ ಮಾತು ಬಂದದ್ದು ಅದೇ ಮೊದಲು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎದ್ದು ಹೋಗಬೇಕೆನಿಸಿತು, ಕಾಲೂರಲಾಗಲಿಲ್ಲ. ಕೂತಲ್ಲಿಂದಲೇ, “ನನಗೂ ಅವಳು ಹೇಳಲಿಲ್ಲ ಮಗಾ. ನಾನೂ ದಿನಾ ಅದನ್ನೇ ಯೋಚಿಸ್ತೇನೆ” ಎಂದೆ. ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ.

ಅವಳು ರಜೆ ಹಾಕಿ ಕೆಲವು ದಿನ ಉಳಿದಳು. ಎಲುಬು ಮುರಿದಿರಲಿಲ್ಲ. ಡಾಕ್ಟರು ಪಟ್ಟಿ ಬಿಗಿದು, “ಶೂನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಸಪಾಟಾದ ರಸ್ತೆಗೆ ಇದು ಚೆನ್ನ, ಒಡಕು ಫುಟ್‌ಪಾತಿಗೆ ಅಲ್ಲ. ಮೊದಲು ಕಾಲಗಂಟು ಗಟ್ಟಿಮಾಡಿಕೊಳ್ಳಿ” ಎಂದರು. ಮನೆಯಲ್ಲಿ ಅವಳು ಅಮ್ಮನ ಕಪಾಟು ತೆರೆದು ಸೀರೆಗಳನ್ನು ಮತ್ತೆ ಮಡಚಿಟ್ಟಳು. ಸಾರು ಮಾಡಿದಳು, ಉಪ್ಪು ಜಾಸ್ತಿಯಾಗಿತ್ತು, ಇಬ್ಬರೂ ಉಂಡೆವು. ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಪಾರ್ಲೆಗೆ ಹೋದಳು. ಅವಳು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಓಡುವಂತಾದೆ. ಒಂದು ಭಾನುವಾರ ಗುಂಪಿಗೆ ಹೋಗುವ ಬದಲು ಸುಮ್ಮನೆ ಪಶ್ಚಿಮಕ್ಕೆ ತಿರುಗಿದೆ. ಧಾರಾವಿ ದಾಟಿ, ಬಾಂದ್ರಾದ ಕಲಾನಗರದಿಂದ ಹೈವೇಯ ಪಕ್ಕದ ರಸ್ತೆ ಹಿಡಿದೆ. ಸಪಾಟಾದ ರಸ್ತೆಯಲ್ಲಿ ಆ ಶೂಗಳು ತಾವೇ ನನ್ನನ್ನು ಹೊತ್ತುಕೊಂಡು ಹೋದವು. ಸಾಂತಾಕ್ರೂಜ್ ಹತ್ತಿರ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಅಷ್ಟು ದೂರ ಯಾರ ಜೊತೆಯೂ ಒಂದು ಮಾತಾಡದೆ ಓಡಿದೆ. ಪಾರ್ಲೆಯ ಅವಳ ಬಿಲ್ಡಿಂಗನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಬೆವರಲ್ಲಿ ತೊಯ್ದು, ಗಿಳಿಹಸಿರು ಶೂ ಹಾಕಿಕೊಂಡ ಮುದುಕನನ್ನು ವಾಚ್‌ಮನ್ ಒಳಗೆ ಬಿಡಲಿಲ್ಲ. ಮಗಳಿಗೆ ಫೋನು ಮಾಡಿದೆ.

ಅವಳು ಕಣ್ಣುಜ್ಜುತ್ತ ಓಡಿಬಂದಳು. “ಪಪ್ಪಾ! ಸಯನ್‌ನಿಂದ ಓಡ್ಕೊಂಡು ಬಂದ್ರಾ? ಪಾಗಲ್ ಹೋ ಕ್ಯಾ?”

“ದಾರಿ ಸಪಾಟುಂಟು,” ಎಂದೆ.

ಮೇಲೆ ಗೆಳತಿಯರು ಮಲಗಿದ್ದರು. ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತೆವು. ಅವಳು ನೀರೂ ಬಿಸ್ಕೀಟೂ ತಂದಳು. ಕೆಲಸ ಹೇಗಿದೆ ಎಂದು ಕೇಳಿದೆ. ಪಾಳಿ ಬದಲಾಗಿ ನಿದ್ದೆ ಬರುವುದಿಲ್ಲ, ಕೆಲವು ದಿನ ಅಳು ಬರುತ್ತದೆ ಎಂದಳು. ಅದನ್ನು ಅವಳು ಹಿಂದೆ ಎಂದೂ ನನಗೆ ಹೇಳಿದವಳಲ್ಲ. ನಾನು ಬುದ್ಧಿ ಹೇಳಲು ಹೋಗದೆ ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಆಕಳಿಸಿದಳು. “ಹೋಗು, ಮಲಗು” ಎಂದು ಎದ್ದೆ.

ಹಿಂತಿರುಗುವಾಗ ಲೋಕಲ್ ಹಿಡಿದೆ. ಗಾಡಿ ಬದಲಿಸಲು ದಾದರಿನಲ್ಲಿ ಇಳಿದು ಸ್ಟೇಷನ್ನಿನ ಸೇತುವೆ ಹತ್ತುವಾಗ ಸುತ್ತಲೂ ಸಂಸಾರಸಮೇತ ಹೊರಟ ಜನ, ಮಕ್ಕಳು, ತಿಂಡಿಯ ಚೀಲಗಳು. ಒದ್ದೆ ಬಟ್ಟೆಯವನಿಂದ ಎಲ್ಲರೂ ಸ್ವಲ್ಪ ಸರಿದು ನಿಲ್ಲುತ್ತಿದ್ದರು. ಮನೆ ಸೇರಿ, ತಲುಪಿದೆ ಎಂದು ಹೇಳಲು ಫೋನು ಮಾಡಿದೆ. ಅವಳು ಎತ್ತಲಿಲ್ಲ, ನಿದ್ದೆ ಹತ್ತಿರಬೇಕು. ಸ್ನಾನ ಮಾಡಿ, ಹಿಂದಿನ ದಿನದ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡೆ.

ಈಗಲೂ ತಿಂಗಳಿಗೊಮ್ಮೆ ಪಾರ್ಲೆಗೆ ಓಡುತ್ತೇನೆ. ಹೋಗುವ ಮೊದಲು ಫೋನು ಮಾಡುತ್ತೇನೆ. ಕೆಲವು ಭಾನುವಾರ ಅವಳಿಗೆ ಡ್ಯೂಟಿ ಇರುತ್ತದೆ. ಆಗ ಕಲಾನಗರದವರೆಗೆ ಹೋಗಿ, ನೀರು ಕುಡಿದು, ಬಂದ ದಾರಿಯಲ್ಲೇ ತಿರುಗುತ್ತೇನೆ.