ಹನ್ನೊಂದನೆಯ ವೋಟು

ನನ್ನ ತಮ್ಮನ ಹೆಂಡತಿಯನ್ನು ನಮ್ಮ ಬೀದಿಯಲ್ಲಿ ಎಲ್ಲರೂ ‘ವಾಶರ್’ ಎಂದೇ ಕರೆಯುತ್ತಾರೆ. ನಲ್ಲಿ ಸೋರುತ್ತಿದೆ ಎಂದು ಯಾರೇ ಕರೆಯಲಿ, ಚೀಲ ಕೆಳಗಿಡುವ ಮೊದಲೇ ಅವಳು ಹೇಳುವ ಮಾತು ಒಂದೇ: “ಮೊದ್ಲು ವಾಶರ್ ನೋಡೋಣ.” ಬೇರೆ ಪ್ಲಂಬರುಗಳು ಹೊಸ ನಲ್ಲಿಯನ್ನೇ ತಲೆಗೆ ಕಟ್ಟುವ ಕಡೆ ಇವಳು ಉಗುರಿನಷ್ಟು ರಬ್ಬರು ಬಿಲ್ಲೆ ಬದಲಿಸಿ ಎದ್ದು ಬರುತ್ತಾಳೆ. ಕೆಲಸ ಕಲಿಸಿದ್ದು ನನ್ನ ಅಪ್ಪ, ಅಂದರೆ ಅವಳ ಮಾವ. ಮಗನಿಗೆ ಕಲಿಸಲು ಹೋಗಿ ಸೋತು ಸುಣ್ಣವಾದ ಮೇಲೆ ಅಪ್ಪ ರೆಂಚನ್ನು ಸೊಸೆಯ ಕೈಗೆ ಕೊಟ್ಟರು. ತಮ್ಮ ಈಗ ಬೇಕರಿಯೊಂದರಲ್ಲಿ ಒಲೆ ನೋಡಿಕೊಳ್ಳುತ್ತಾನೆ. ಅವನಿಗೆ ಬೆಂಕಿ ಒಗ್ಗಿತು, ನೀರು ಒಗ್ಗಲಿಲ್ಲ.

ನಮ್ಮ ಬೀದಿಯ ಕೆಳತುದಿಗೆ ದಿನಕ್ಕೆ ಇಪ್ಪತ್ತು ನಿಮಿಷ ನೀರು ಬರುತ್ತಿತ್ತು, ಅದೂ ದಾರದಷ್ಟು. ಪೈಪು ಹಳೆಯದು ಎಂದು ನಮ್ಮ ವಾರ್ಡಿನ ಕೌನ್ಸಿಲರ್ ಹೇಳುತ್ತಲೇ ಬಂದಿದ್ದರು. ವಾಶರ್ ನಂಬಲಿಲ್ಲ. ಮನೆಮನೆಯ ನಲ್ಲಿಗೂ ಒತ್ತಡ ಅಳೆಯುವ ಮೀಟರ್ ಸಿಕ್ಕಿಸಿ, ಮುಳ್ಳು ತೋರಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೂರು ವಾರ ಬೀದಿ ಸುತ್ತಿದಳು. ಮೂವತ್ತಮೂರನೇ ನಂಬರಿನ ಮನೆಯವರೆಗೆ ಒತ್ತಡ ಸರಿಯಾಗಿತ್ತು, ಮುಂದಿನ ಮನೆಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿತ್ತು. ಅಂದರೆ ಅಲ್ಲೊಂದು ವಾಲ್ವ್ ಇದೆ. ನಾಲ್ಕು ವರ್ಷದ ಹಿಂದೆ ರಸ್ತೆಗೆ ಡಾಂಬರು ಹಾಕಿದ ಪುಣ್ಯಾತ್ಮರು ಅದರ ಮುಚ್ಚಳದ ಮೇಲೆಯೇ ಡಾಂಬರು ಸುರಿದು ಹೋಗಿದ್ದರು. ವಾಲ್ವ್ ಅರ್ಧ ಮುಚ್ಚಿದ ಹಾಗೆಯೇ ಕೆಳಗೆ ಹೂತುಹೋಗಿತ್ತು. ಒಂದೂವರೆ ಅಡಿ ಅಗೆದು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ. ಆದರೆ ರಸ್ತೆ ಅಗೆಯಲು ಅನುಮತಿ ಬೇಕು.

ಅವಳು ಕೌನ್ಸಿಲರ್ ಕಚೇರಿಗೆ ಐದು ಸಲ ಹೋದಳು. ಮೊದಲ ಸಲ ಅವರಿರಲಿಲ್ಲ. ಎರಡನೇ ಸಲ ಇದ್ದರು, ಇಲ್ಲ ಎಂದು ಹೇಳಿಸಿದರು. ಐದನೇ ಸಲ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲೆ ಬಿಡಿಸಿಟ್ಟಾಗ ಅದನ್ನು ಒಂದು ಬೆರಳಿನಿಂದ ಈಚೆ ತಳ್ಳಿ, “ಅಷ್ಟೆಲ್ಲಾ ಗೊತ್ತಿದ್ರೆ ನೀವೇ ಚುನಾವಣೆಗೆ ನಿಂತ್ಕೊಳ್ಳಿ” ಎಂದರಂತೆ. ಅವರು ತಮಾಷೆಗೆ ಅಂದದ್ದು. ನಮ್ಮ ವಾಶರಿಗೆ ಇಂಥ ತಮಾಷೆ ಅರ್ಥವಾಗುವುದಿಲ್ಲ. ಅಲ್ಲಿಂದ ನೆಟ್ಟಗೆ ಚುನಾವಣಾ ಕಚೇರಿಗೆ ಹೋಗಿ ನಾಮಪತ್ರದ ಫಾರ್ಮ್ ತಂದಳು.

ಆ ಸಂಜೆ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಫಾರ್ಮನ್ನು ಒಂದಕ್ಷರ ಬಿಡದೆ ಓದಿದಳು. ಹತ್ತು ಜನ ಸೂಚಕರು ಸಹಿ ಹಾಕಬೇಕು, ಹತ್ತೂ ಜನ ವಾರ್ಡಿನ ಮತದಾರರಾಗಿರಬೇಕು. ತಮ್ಮ ಮೊದಲ ಸಹಿ ಹಾಕಿದ, ಕಾಗದಕ್ಕೆ ಬೆರಳಿನ ಹಿಟ್ಟೂ ಮೆತ್ತಿಕೊಂಡಿತು. ಆಮೇಲೆ ಅವಳು ಫಾರ್ಮನ್ನು ನನ್ನ ಕಡೆ ತಿರುಗಿಸಿದಳು.

“ನಾನು ಹಾಕಲ್ಲ” ಅಂದೆ.

“ಯಾಕಕ್ಕ?”

“ಈ ಮನೆಯಿಂದ ಒಬ್ರು ನಿಂತಿದ್ದು ಸಾಕು.”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಆ ಒಬ್ಬರು ನನ್ನ ಅಪ್ಪ. ಮೂವತ್ತೊಂದು ವರ್ಷದ ಹಿಂದೆ ಇದೇ ವಾರ್ಡಿನಲ್ಲಿ, ಇದೇ ನೀರಿಗಾಗಿ ನಿಂತಿದ್ದರು. ಅಪ್ಪನಿಗೆ ಬಿದ್ದದ್ದು ಹತ್ತು ವೋಟು. ಹತ್ತು ಜನ ಸೂಚಕರು ಮತ್ತು ಅಪ್ಪ, ಸೇರಿದರೆ ಹನ್ನೊಂದಾಗಬೇಕಿತ್ತು. ಸೋಲನ್ನು ಅಪ್ಪ ನಕ್ಕು ಮರೆಯುತ್ತಿದ್ದರೇನೋ, ಆ ಒಂದು ವೋಟನ್ನು ಮರೆಯಲಿಲ್ಲ. ಸಹಿ ಹಾಕಿದವರಲ್ಲೇ ಒಬ್ಬರು ಕೈಕೊಟ್ಟಿದ್ದಾರೆ, ಯಾರು? ಬೀದಿಯೆಲ್ಲ ಕೇಳಿ ಕೇಳಿ ನಕ್ಕಿತು. ಕೊನೆಗೆ ಅಪ್ಪನ ಅನುಮಾನ ತನ್ನ ಜೀವದ ಗೆಳೆಯ, ಮೊದಲ ಸಹಿ ಹಾಕಿದ ವಾಚ್ ರಿಪೇರಿಯವರ ಮೇಲೆ ಬಿತ್ತು. ಅವರಿಗೆ ಅಂಗಡಿ ಬಾಡಿಗೆಗೆ ಕೊಟ್ಟವನೇ ಅಪ್ಪನ ಎದುರಾಳಿಯಾಗಿದ್ದ, ಅಷ್ಟೇ ಸಾಕ್ಷಿ. ಅಪ್ಪ ಅಂಗಡಿಯ ಮುಂದೆ ನಿಂತು, ನಾಲ್ಕು ಜನರ ಎದುರಿಗೆ, “ಬೆನ್ನಿಗೆ ಚೂರಿ ಹಾಕ್ದೆ” ಅಂದರು. ಅಲ್ಲಿಗೆ ಮಾತು ನಿಂತಿತು. ಹನ್ನೆರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ವಾಚಿನವರು ಎದುರಿನ ಫುಟ್‌ಪಾತಿನ ಮೇಲೆ ಬಂದು ನಿಂತಿದ್ದರು, ರಸ್ತೆ ದಾಟಿ ಈಚೆ ಬರಲಿಲ್ಲ.

ಆ ಹನ್ನೊಂದನೆಯ ವೋಟು ನನ್ನದು. ಅಪ್ಪನ ಹತ್ತು ಸೂಚಕರಲ್ಲಿ ನಾನೂ ಒಬ್ಬಳಾಗಿದ್ದೆ.

ನನಗೆ ಆಗ ಇಪ್ಪತ್ತೆರಡು. ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೇರಲು ತಂದೆಯ ಸಹಿಯೊಂದು ಬೇಕಿತ್ತು, ಅದಕ್ಕೊಂದು ಕೊನೆಯ ದಿನವಿತ್ತು. ಅಪ್ಪ ಭಿತ್ತಿಪತ್ರ ಬರೆಯಲು ನನ್ನನ್ನು ಕೂರಿಸಿದ್ದರು. ಅಕ್ಷರ ದುಂಡಗಿದೆ ಎಂಬುದೇ ನನಗೆ ಮುಳುವಾಯಿತು. “ಚುನಾವಣೆ ಮುಗೀಲಿ” ಎಂದರು. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಮಾತು. ಚುನಾವಣೆ ಮುಗಿಯುವ ನಾಲ್ಕು ದಿನ ಮೊದಲೇ ನನ್ನ ಕೊನೆಯ ದಿನ ಮುಗಿದಿತ್ತು. ಮತಗಟ್ಟೆಯ ಪರದೆಯ ಹಿಂದೆ ನಿಂತು ನಾನು ಎದುರಾಳಿಯ ಗುರುತಿನ ಮೇಲೆ ಮುದ್ರೆ ಒತ್ತಿದೆ. ನರ್ಸಾಗಬೇಕಿದ್ದವಳು ಇಪ್ಪತ್ತೇಳು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಸುತ್ತಿದ್ದೇನೆ. ನನಗೆ ನಾಲಿಗೆ ಉದ್ದ ಎಂದು ಬೀದಿಯಲ್ಲಿ ಹೆಸರಿದೆ, ಆದರೆ ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಪ್ಪನ ಅನುಮಾನ ಕನಸಿನಲ್ಲೂ ನನ್ನ ಕಡೆ ತಿರುಗಲಿಲ್ಲ.

ವಾಶರ್ ವಾರದೊಳಗೆ ಉಳಿದ ಒಂಬತ್ತು ಸಹಿ ತಂದಳು. ಯಾರ ಮನೆಗೂ ವೋಟು ಕೇಳುವವಳ ಹಾಗೆ ಹೋಗಲಿಲ್ಲ. ಸಿಂಕಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೆಲಸ ಮುಗಿಸಿ, ಕೈ ಒರೆಸಿಕೊಂಡು ಫಾರ್ಮ್ ತೆಗೆಯುತ್ತಿದ್ದಳು. ಅದೇ ಪೈಪಿನ ನೀರು ಕುಡಿಯುವ ಜನ, ಕೇಳಿದ ಕೂಡಲೇ ಹಾಕಿದರು.

ನಾಮಪತ್ರ ಸಲ್ಲಿಸಲು ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಸಮಯವಿತ್ತು. ಅವಳು ಹತ್ತು ಗಂಟೆಗೇ ಹೋದವಳು ಹನ್ನೊಂದೂವರೆಗೆ ವಾಪಸು ಬಂದಳು. ನನಗೆ ಅಂದು ವಾರದ ರಜೆ. ಹೆಲ್ಮೆಟ್ಟನ್ನೂ ತೆಗೆಯದೆ ಕುರ್ಚಿಯ ಮೇಲೆ ಕೂತಳು.

“ಮೂರು ಸಹಿ ಹೋಯ್ತಕ್ಕ.”

“ಹೋಯ್ತು ಅಂದ್ರೆ?”

“ಐವತ್ತನೇ ನಂಬರಿನಿಂದ ಆಚೆ ಪಕ್ಕದ ವಾರ್ಡಂತೆ. ಎಲ್ಲಾ ಒಂದೇ ಪೈಪು ಸಾರ್ ಅಂದೆ. ವಾರ್ಡನ್ನ ಪೈಪು ನೋಡಿ ಮಾಡಿಲ್ಲಮ್ಮ ಅಂದ್ರು.”

ಬೇರೆ ಯಾರಾದರೂ ಆಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅವಳಿಗೆ ಊರೆಂದರೆ ನೆಲದ ಕೆಳಗಿನ ಊರು, ಒಂದು ಪೈಪಿನಲ್ಲಿ ನೀರು ಕುಡಿಯುವವರೆಲ್ಲ ಒಂದೇ ಕಡೆಯವರು. ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ.

ಅವಳು ಅಳುತ್ತಾ ಕೂರಲಿಲ್ಲ. ಕಚೇರಿಯವರು ಕೊಟ್ಟ ಹೊಸ ಫಾರ್ಮನ್ನು ಬಿಡಿಸಿ, ಉಳಿದ ಏಳು ಜನರ ಹತ್ತಿರ ಮತ್ತೆ ಓಡಿದಳು. ಬೇಕರಿಯ ಹಿಂಬಾಗಿಲಿನಲ್ಲಿ ಗಂಡನ ಸಹಿ, ಶಾಲೆಯ ಗೇಟಿನಲ್ಲಿ ಆಯಾಳ ಸಹಿ. ಎಂಟನೆಯದಾಗಿ ಹಾಲಿನ ಬೂತಿನ ಹೆಂಗಸು ಹಾಕಿದಳಂತೆ. ಮುಂದಿನ ನಾಲ್ಕು ಮನೆಗಳಲ್ಲಿ ಬಾಗಿಲು ಅರ್ಧ ತೆರೆದು ಮುಚ್ಚಿದವು. ಯಾರ್ಯಾರು ಸಹಿ ಹಾಕುತ್ತಾರೋ ನೋಡಿಕೊಳ್ಳುತ್ತೇವೆ ಎಂದು ಕೌನ್ಸಿಲರ್ ಕಡೆಯವರು ಹಿಂದಿನ ದಿನವೇ ಹೇಳಿ ಹೋಗಿದ್ದರು. ಒಂದೂಮುಕ್ಕಾಲಿಗೆ ಮನೆಗೆ ಬಂದು ನೀರು ಕುಡಿದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಮತ್ತೆ ಇಲ್ಲ ಅನ್ನುತ್ತಿದ್ದೆ.

“ವಾಚಿನವರ ಹತ್ರಾನೂ ಹೋಗಿದ್ದೆ” ಅಂದಳು. “ನಿಮ್ಮನೆ ಫಾರ್ಮಿಗೆ ಒಂದ್ಸಲ ಸಹಿ ಹಾಕಿ ಅನುಭವಿಸಿದ್ದೀನಿ, ಸಾಕು ಅಂದ್ರು. ಅವರ ಜೊತೆ ಜಗಳ ಏನಕ್ಕ ನಮಗೆ? ಮಾವನೂ ಹೇಳ್ತಿರ್ಲಿಲ್ಲ.”

ಗೋಡೆಯ ಗಡಿಯಾರ ನೋಡಿದೆ. ಒಂದು ಗಂಟೆ ಹದಿನೈದು ನಿಮಿಷ ಉಳಿದಿತ್ತು. ಕೊನೆಯ ದಿನವೊಂದು ಕೈಜಾರಿ ಹೋಗುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಅದು ದೊಡ್ಡ ಸದ್ದು ಮಾಡಿ ಹೋಗುವುದಿಲ್ಲ, ಮನೆಯಲ್ಲಿ ಎಲ್ಲರೂ ಅವರವರ ಕೆಲಸದಲ್ಲಿರುವಾಗ ಹೋಗಿಬಿಡುತ್ತದೆ. ಇನ್ನೊಂದನ್ನು ಈ ಮನೆಯಿಂದ ಹೋಗಲು ಬಿಡಬಾರದು ಅನ್ನಿಸಿತು.

“ಪೆನ್ನು ಕೊಡು” ಅಂದೆ. ಒಂಬತ್ತನೆಯ ಸಾಲಿನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. “ಗಾಡಿ ತೆಗಿ. ವಾಚಿನವರ ಅಂಗಡಿಗೆ ಹೋಗೋಣ.”

ಅವರ ಅಂಗಡಿ ನಾಲ್ಕು ಹೆಜ್ಜೆ ಅಗಲದ್ದು. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಸಮಯ ತೋರಿಸುತ್ತಿದ್ದವು. ಎಂಬತ್ತು ದಾಟಿದ ವಾಚಿನವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮುಟದಲ್ಲಿ ಸ್ಪ್ರಿಂಗೊಂದನ್ನು ಹಿಡಿದಿದ್ದರು. ಚಿಕ್ಕವಳಿದ್ದಾಗ ಇದೇ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಕೆಟ್ಟ ವಾಚೊಂದನ್ನು ಬಿಚ್ಚಲು ಕೊಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ನಾನು ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

“ಸಹಿ ಕೇಳೋಕೆ ಬಂದಿದ್ರೆ ಹೋಗಿ” ಎಂದರು, ತಲೆಯೆತ್ತದೆ.

“ಸಹಿ ಆಮೇಲೆ. ಮೊದ್ಲು ಒಂದು ಮಾತಿದೆ ಮಾಮಾ.” ವಾಶರ್ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಮಾವನೆಂದರೆ ಪ್ರಾಣ. ಅವಳನ್ನು ಹೊರಗೆ ಕಳಿಸಿ ಹೇಳೋಣ ಎಂದು ಒಂದು ಗಳಿಗೆ ಆಸೆಯಾಯಿತು, ಆ ಆಸೆಯ ಮೇಲೆಯೇ ನನಗೆ ಸಿಟ್ಟು ಬಂತು. “ಅವತ್ತು ಅಪ್ಪಂಗೆ ವೋಟು ಹಾಕ್ದೇ ಇದ್ದಿದ್ದು ನೀವಲ್ಲ, ನಾನು.”

ಚಿಮುಟದಿಂದ ಸ್ಪ್ರಿಂಗ್ ಹಾರಿ ಎಲ್ಲೋ ಬಿತ್ತು, ಅವರು ಹುಡುಕಲಿಲ್ಲ. ನಾನು ನರ್ಸಿಂಗ್ ಸೀಟಿನ ವಿಷಯ ಹೇಳಿದೆ, ಕೊನೆಯ ದಿನದ ವಿಷಯ ಹೇಳಿದೆ, ಪರದೆಯ ಹಿಂದೆ ಮುದ್ರೆ ಒತ್ತಿದ್ದು ಹೇಳಿದೆ. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತೇನೋ. ಅಷ್ಟನ್ನು ಹೇಳಲು ಅರ್ಧ ಆಯಸ್ಸು ತೆಗೆದುಕೊಂಡಿದ್ದೆ.

ಅವರು ಭೂತಗನ್ನಡಿ ತೆಗೆದರು. ಅದು ಒತ್ತಿದ ಜಾಗ ಕಣ್ಣಿನ ಸುತ್ತ ಕೆಂಪಗಿತ್ತು.

“ನಿಮ್ಮಪ್ಪಂಗೆ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು.”

“ಹತ್ತೊಂಬತ್ತು ವರ್ಷ ಅವನು ಈ ಅಂಗಡಿ ಮುಂದೆ ತಲೆ ಆ ಕಡೆ ತಿರುಗಿಸ್ಕೊಂಡು ಹೋದ. ದಿನಾ ನೋಡ್ತಿದ್ದೆ.”

ತಪ್ಪಾಯಿತು ಅಂದೆ. ಅಷ್ಟು ಚಿಕ್ಕ ಮಾತನ್ನು ಅಷ್ಟು ದೊಡ್ಡದರ ಎದುರಿಗಿಟ್ಟು ನಾಚಿಕೆಯಾಯಿತು.

ಅವರು ಬಹಳ ಹೊತ್ತು ಕೈ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. ಆಮೇಲೆ ನನ್ನನ್ನು ದಾಟಿ ವಾಶರ್ ಕಡೆ ಕೈ ಚಾಚಿದರು. “ಕೊಡಮ್ಮ. ನನ್ನ ಮತದಾರರ ಸಂಖ್ಯೆ ಮುನ್ನೂರ ಹನ್ನೆರಡು, ಬರ್ಕೋ.” ಸಹಿ ಹಾಕುವ ಮೊದಲು ಮೇಲಿನ ಹೆಸರುಗಳನ್ನೆಲ್ಲ ಓದಿದರು. ಒಂಬತ್ತನೆಯ ಸಾಲಿಗೆ ಬಂದು ಬೆರಳು ನಿಂತಿತು.

“ನೀನೂ ಹಾಕಿದ್ದೀಯ?”

“ಹ್ಞೂಂ.”

“ಈ ಸಲ ವೋಟೂ ಹಾಕ್ತೀಯ?”

“ಹಾಕ್ತೀನಿ.”

“ಹಾಕು. ಇನ್ನೊಬ್ರ ಕೈಲಿ ಬೈಸ್ಕೊಳ್ಳೋ ವಯಸ್ಸಲ್ಲ ನಂದು” ಎಂದು ಸಹಿ ಹಾಕಿದರು. ನನ್ನ ಮುಖವನ್ನು ಮತ್ತೆ ನೋಡಲಿಲ್ಲ. ಅವರು ನನ್ನನ್ನು ಕ್ಷಮಿಸಿದರು ಎಂದು ನಾನು ಹೇಳುವುದಿಲ್ಲ.

ಚುನಾವಣಾ ಕಚೇರಿಯ ಕಿಟಕಿಯಲ್ಲಿ ಫಾರ್ಮ್ ಕೊಟ್ಟಾಗ ಎರಡೂ ಐವತ್ತು. ಗುಮಾಸ್ತರು ಹತ್ತೂ ಹೆಸರುಗಳನ್ನು ಪಟ್ಟಿಯಲ್ಲಿ ಹುಡುಕಿ, ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಸ್ವೀಕೃತಿ ಚೀಟಿಯ ಮೇಲೆ ಠಪ್ಪನೆ ಮುದ್ರೆ ಒತ್ತಿದರು. ವಾಶರ್ ಚೀಟಿಯನ್ನು ಒತ್ತಡದ ಲೆಕ್ಕವಿದ್ದ ಅದೇ ನೋಟ್‌ಬುಕ್ಕಿನೊಳಗೆ ಇಟ್ಟಳು. ಅಂಗಡಿಯಿಂದ ಅಲ್ಲಿಯವರೆಗೂ ಅವಳು ನನ್ನ ಜೊತೆ ತುಟಿ ಪಿಟಕ್ಕೆಂದಿರಲಿಲ್ಲ. ವಾಪಸು ಬರುವಾಗಲೂ ಸ್ಕೂಟರಿನ ಹಿಂದೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಹತ್ತು ಸಹಿ ಸಿಕ್ಕಿತು, ಇವಳನ್ನು ಕಳೆದುಕೊಂಡೆ ಅನ್ನಿಸಿತು.

ಅವಳು ಮನೆಗೆ ಹೋಗಲಿಲ್ಲ. ಬೀದಿಯ ಕೆಳತುದಿಯಲ್ಲಿ ಸ್ಕೂಟರ್ ನಿಲ್ಲಿಸಿ, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಕೈಗಿಟ್ಟಳು. ಅದರಲ್ಲಿ ಮೂವತ್ನಾಲ್ಕರಿಂದ ಐವತ್ತರವರೆಗೆ ಮನೆ ನಂಬರುಗಳಿದ್ದವು, ಒಂದೊಂದರ ಮುಂದೆ ಅಲ್ಲಿಗೆ ಎಷ್ಟು ನೀರು ಬರುತ್ತದೆ ಎಂದೂ ಬರೆದಿತ್ತು.

“ಈ ಮನೆಗಳು ನಿಮ್ದು. ನಾನು ಮೇಲ್ಗಡೆ ಹೋಗ್ತೀನಿ. ವಾಲ್ವ್ ವಿಷ್ಯ ಹೇಳಿ, ಕೇಳಿದ್ರೆ ನಂಬರ್ ತೋರ್ಸಿ.”

“ನೀನು ನನ್ನ ಮೇಲೆ…”

“ಕೋಪ ಇದೆ ಅಕ್ಕ. ತುಂಬಾ ಇದೆ.” ಹೆಲ್ಮೆಟ್ಟಿನೊಳಗೆ ಅವಳ ಕಣ್ಣು ಒದ್ದೆಯಾಗಿತ್ತು. “ಕೂತು ಜಗಳ ಆಡೋಣ. ಚುನಾವಣೆ ಮುಗೀಲಿ.”

ಅದೇ ಮಾತು. ಅಪ್ಪ ಹೇಳಿದಾಗ ಅದು ನನ್ನನ್ನು ಮನೆಯೊಳಗೆ ಕೂರಿಸಿತ್ತು. ಈಗ ಬೀದಿಯಲ್ಲಿ ನಿಂತಿದ್ದೆ, ಕೈಯಲ್ಲಿ ಹದಿನೇಳು ಮನೆಗಳ ಪಟ್ಟಿಯಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಮೂವತ್ನಾಲ್ಕನೇ ನಂಬರಿನ ಬಾಗಿಲು ತಟ್ಟಿದೆ.