ತಾಟು ಖಾಲಿ ಕೊಡಬಾರದು

ಮಸ್ಕತ್ತಿನ ನನ್ನ ಮನೆಯ ಗೋಡೆಗೆ ನಾನು ಇದುವರೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಗಡಿಯಾರ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ಕೂತಿದೆ. ಕ್ಯಾಲೆಂಡರು ಕಿಟಕಿಯ ಹಿಡಿಗೆ ಜೋತುಬಿದ್ದಿದೆ, ಗಾಳಿಗೆಂದು ಕಿಟಕಿ ತೆಗೆದರೆ ಇಡೀ ತಿಂಗಳು ಅದರ ಜೊತೆಗೇ ತೆರೆದುಕೊಳ್ಳುತ್ತದೆ. ಮನೆ ಮಾಲೀಕರು ಮೊಳೆ ಬೇಡ ಎಂದವರಲ್ಲ. ನನಗೇ ಧೈರ್ಯವಿಲ್ಲ. ಮೊಳೆ ಹೊಡೆದರೆ ಇಲ್ಲಿಯೇ ಇರುತ್ತೇನೆ ಎಂದು ಒಪ್ಪಿಕೊಂಡಂತಾಗುತ್ತದೆ. ಹಾಗೆಂದು ಗಂಟುಮೂಟೆ ಕಟ್ಟಿಕೊಂಡು ಹೊರಡುವ ಧೈರ್ಯವೂ ಇಲ್ಲ.

ನಾನು ಇಲ್ಲಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ತಂತ್ರಜ್ಞೆ. ಕೆಲಸ ಗುತ್ತಿಗೆಯದು. ಪ್ರತಿ ವರ್ಷ ಒಂದು ಸಹಿ, ಆ ಸಹಿಯ ಮೇಲೆ ಇನ್ನೊಂದು ವರ್ಷದ ಬದುಕು. ಸುರೇಬಾನದಲ್ಲಿ ನಮ್ಮ ಅಪ್ಪ ಬೇರೆಯವರ ಹೊಲವನ್ನು ಲಾವಣಿಗೆ ಹಿಡಿದು ಉಳುತ್ತಿದ್ದರು. ಆ ಹೊಲದ ಬದುವಿನಲ್ಲಿ ಒಂದು ಮಾವಿನ ಸಸಿ ನೆಡೋಣ ಎಂದು ನಾನು ಚಿಕ್ಕವಳಿದ್ದಾಗ ಹಟ ಹಿಡಿದಿದ್ದೆ. ಅಪ್ಪ ನಕ್ಕು, ಲಾವಣಿ ಹೊಲದಾಗ ಯಾರೂ ಮಾವಿನ ಗಿಡ ಹಚ್ಚೂದಿಲ್ಲವ್ವಾ, ಜೋಳ ಬಿತ್ತತಾರ ಅಂದಿದ್ದರು. ಓದಿ, ವಿಮಾನ ಹತ್ತಿ, ಸಮುದ್ರ ದಾಟಿ ಬಂದ ಮೇಲೂ ನಾನು ಬಿತ್ತುತ್ತಿರುವುದು ಜೋಳವನ್ನೇ.

ರಜೆಗೆ ಗಂಡನ ಊರು ರಾಮದುರ್ಗಕ್ಕೆ ಹೋದಾಗ ನನಗೆ ಎದುರಾಗುವ ಪ್ರಶ್ನೆ ಒಂದೇ. ಪರದೇಶಕ್ಕೆ ಹೋದ ಗಂಡಸರನ್ನು ಜನ ಹೆಂಡತಿ ಮಕ್ಕಳನ್ನು ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಕೇಳುತ್ತಾರೆ. ನನ್ನನ್ನು ಗಂಡನನ್ನು ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಕೇಳಿ, ಕೇಳಿದ ಮೇಲೆ ತಾವೇ ನಗುತ್ತಾರೆ. ಬೈಲಹೊಂಗಲದ ನನ್ನ ಅಕ್ಕನ ಪ್ರಕಾರ ಸಂಸಾರವೆಂದರೆ ಒಂದೇ ಸೂರಿನಡಿ ಇರಬೇಕು, ಅದು ಯಾವ ಸೂರಾದರೂ ಸರಿ. ಕಿತ್ತೂರಿನ ಚಿಕ್ಕಪ್ಪನ ಪ್ರಕಾರ ಮಗಳನ್ನು ಕನ್ನಡ ಸಾಲಿಯಿಂದ ಬಿಡಿಸಿ ಒಯ್ದರೆ ಅವಳು ಅಲ್ಲಿಯವಳೂ ಆಗುವುದಿಲ್ಲ, ಇಲ್ಲಿಯವಳೂ ಆಗುವುದಿಲ್ಲ. ಇಬ್ಬರ ಮಾತಿಗೂ ನಾನು ಮನಸಾರೆ ತಲೆಯಾಡಿಸಿ ಬಂದಿದ್ದೇನೆ. ನನ್ನ ತಲೆ ಆಡಿಸುವುದಕ್ಕೇ ಇರುವುದು, ನಿರ್ಧಾರ ಮಾಡುವುದಕ್ಕಲ್ಲ.

ಈ ಸಲ ಮಾತ್ರ ತಲೆಯಾಡಿಸಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಹೊಸ ಕರಾರಿಗೆ ಸಹಿ ಹಾಕಿದರೆ ಸಂಸಾರಕ್ಕೂ ವೀಸಾ ಕೊಡುತ್ತೇವೆ, ದಸರೆಯೊಳಗೆ ಹೇಳಿ ಎಂದು ಆಸ್ಪತ್ರೆಯವರು ತಿಳಿಸಿದರು. ನನ್ನ ಗಂಡ ಮಂಜುನಾಥ ರಾಮದುರ್ಗದಲ್ಲಿ ಪಂಪಸೆಟ್ಟಿನ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟವರು. ಮೋಟಾರು ಸುಡದ ದೇಶ ಜಗತ್ತಿನಲ್ಲಿ ಇಲ್ಲ ಎಂಬುದು ಅವರ ನಂಬಿಕೆ, ಹಾಗಾಗಿ ಅವರಿಗೆ ಚಿಂತೆಯಿಲ್ಲ. ಮಗಳು ಪಲ್ಲವಿಗೆ ವಿಮಾನ ಹತ್ತಿದರೆ ಸಾಕು. ಗಂಟು ಇದ್ದದ್ದು ಅತ್ತೆಯ ಹತ್ತಿರ. ನನ್ನದು ಪಾಳಿಯ ಕೆಲಸ, ಅತ್ತೆ ಇಲ್ಲದೆ ಪಲ್ಲವಿಯನ್ನು ನೋಡಿಕೊಳ್ಳುವುದು ಆಗದ ಮಾತು. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಬರಲು ಮಗನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅತ್ತೆ ಬಂದರೆ ಎಲ್ಲರೂ ಬಂದಂತೆ, ಬರದಿದ್ದರೆ ಯಾರೂ ಇಲ್ಲ.

ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಒಂದು ತಿಂಗಳು ಇದ್ದು ನೋಡುತ್ತೇನೆ ಎಂದರು. ಮಂಜುನಾಥರು ಶ್ರಾವಣದಲ್ಲೂ ಅಲ್ಲಿ ಬೇಸಿಗೆಯೇ, ಈಗಲೇ ಹೋಗೋಣ, ಆ ಬಿಸಿಲಿಗೆ ಒಗ್ಗಿದರೆ ಮತ್ತೆಲ್ಲಕ್ಕೂ ಒಗ್ಗಿದಂತೆ ಎಂದು ತೀರ್ಮಾನಿಸಿದರು. ಮಸ್ಕತ್ತಿನ ರಸ್ತೆಯಲ್ಲಿ ಹೆಂಚಿಲ್ಲದೆಯೇ ರೊಟ್ಟಿ ಬೇಯುವ ಆ ದಿನಗಳಲ್ಲಿ ಮೂವರೂ ಬಂದಿಳಿದರು. ಅತ್ತೆಯ ಸೂಟ್‌ಕೇಸಿನಲ್ಲಿ ಎರಡು ಸೀರೆ ಬಿಟ್ಟರೆ ಉಳಿದದ್ದೆಲ್ಲ ಸಜ್ಜೆ ಹಿಟ್ಟು, ಎಳ್ಳು, ಶೇಂಗಾ ಚಟ್ನಿ, ರೊಟ್ಟಿಯ ಹೆಂಚು ಮತ್ತು ತೀರಿಹೋದ ಮಾವನ ಹೆಸರು ಕೆತ್ತಿಸಿದ ಸ್ಟೀಲಿನ ತಾಟುಗಳು. ಇಲ್ಲಿ ತಾಟು ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತವೆ, ಆದರೆ ಕೊಟ್ಟ ತಾಟು ತಿರುಗಿ ಯಾರ ಮನೆಗೆ ಬರಬೇಕು ಎಂದು ಅದರ ಮೇಲೆ ಬರೆದಿರುವುದಿಲ್ಲವಲ್ಲ ಎಂದರು. ಆಗಲೇ ನನಗೆ ತಿಳಿಯಬೇಕಿತ್ತು.

ಮೊದಲ ವಾರ ಅತ್ತೆ ಮನೆಯಲ್ಲಿ ನೆಲೆ ನಿಲ್ಲಲಿಲ್ಲ. ರಾಮದುರ್ಗದಲ್ಲಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತರೆ ಊರೇ ಎದುರಿಗೆ ಹಾದುಹೋಗುತ್ತದೆ. ಇಲ್ಲಿ ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು. ಅತ್ತೆ ಕಿಟಕಿಗೂ ಬಾಗಿಲಿಗೂ ನಡೆದಾಡುವರು, ಅವರನ್ನು ನೋಡುತ್ತ ನಾನು ಅಡುಗೆಮನೆಗೂ ಪಡಸಾಲೆಗೂ ನಡೆದಾಡುವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಲ್ಲಿಯಿದ್ದ ಊರಿಗೆ ಅನ್ವಯಿಸುವುದಿಲ್ಲ ಎಂದು ನಾನು ಕಂಡುಕೊಂಡದ್ದು ಆಗಲೇ. ನೀರು ಮನೆಯೊಳಗೇ ಬಂದರೆ ಹೆಂಗಸರು ಹೊರಗೆ ಬರಲು ನೆವವೇ ಇಲ್ಲ.

ನೆವ ಅತ್ತೆಗೆ ಸಿಕ್ಕಿತು. ನಾಗರ ಪಂಚಮಿಯ ಮುನ್ನಾ ದಿನ ನಮ್ಮ ಕಡೆ ರೊಟ್ಟಿ ಪಂಚಮಿ. ಎಳ್ಳು ಹಚ್ಚಿ ಹಪ್ಪಳದಂತೆ ಗರಿಗರಿಯಾಗಿ ಬೇಯಿಸಿದ ಕಟಕಟಿ ರೊಟ್ಟಿ, ಬದನೆಕಾಯಿ ಪಲ್ಯ, ಕಾಳಿನ ಪಲ್ಯ, ಚಟ್ನಿ ಎಲ್ಲವನ್ನೂ ತಾಟಿನಲ್ಲಿಟ್ಟು ಓಣಿಯ ಮನೆಮನೆಗೆ ಕೊಟ್ಟು ಬರುವುದು, ಅವರದು ನಮ್ಮ ಮನೆಗೆ ಬರುವುದು. ಯಾವ ಜಾತಿ, ಯಾವ ಜಗಳ ಎಂದು ಆ ದಿನ ಕೇಳುವುದಿಲ್ಲ. ತಾಟು ತಿರುಗಿ ಕೊಡುವಾಗ ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಖಾಲಿ ತಾಟು ಮಾತ್ರ ಕೊಡಬಾರದು.

ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಅತ್ತೆ ಹೊಸ ಸೀರೆಯುಟ್ಟು ನಮ್ಮ ಮಹಡಿಯ ಮೂರೂ ಬಾಗಿಲು ಬಡಿದು ತಾಟು ಕೊಟ್ಟು ಬಂದಿದ್ದರು. ಭಾಷೆ ಬರದಿದ್ದದ್ದು ಅವರಿಗೆ ಅಡ್ಡಿಯಾಗಲಿಲ್ಲ. ರೊಟ್ಟಿಯನ್ನು ತೋರಿಸಿದರೆ ಯಾರಿಗೆ ತಿಳಿಯುವುದಿಲ್ಲ ಎಂದರು. ತಿಳಿಯಲಿಲ್ಲ ಎಂಬುದು ಸಂಜೆಯೇ ಗೊತ್ತಾಯಿತು. ಮೂಲೆಮನೆಯ ಇಂಜಿನಿಯರು ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಇದನ್ನು ಎಣ್ಣೆಯಲ್ಲಿ ಕರಿಯಬೇಕೇ ಎಂದು ಗಂಭೀರವಾಗಿ ಕೇಳಿದರು. ಮರುದಿನ ಅವರ ತಾಟು ಬಂತು, ಕನ್ನಡಿಯ ಹಾಗೆ ತೊಳೆದು ಒರೆಸಿ, ಖಾಲಿ. ಪಕ್ಕದ ಮನೆಯ ನರ್ಸ್ ಹುಡುಗಿಯರ ತಾಟೂ ಬಂತು, ಥ್ಯಾಂಕ್ಯೂ ಮತ್ತು ನಗುವಿನ ಜೊತೆಗೆ, ಖಾಲಿ. ಎದುರುಮನೆಯ ಮಾದಾಮ್ ನಾದಿಯಾ, ಈಜಿಪ್ಟಿನವರು, ಸಾಲೆಯ ಟೀಚರು. ತಾಟು ತೆಗೆದುಕೊಂಡ ಮೇಲೆ ಅವರ ಬಾಗಿಲು ಮತ್ತೆ ತೆರೆಯಲೇ ಇಲ್ಲ, ತಾಟು ಬರಲೇ ಇಲ್ಲ.

ಇಲ್ಲಿ ತೊಳೆದು ಕೊಡುವುದೇ ಮರ್ಯಾದೆ ಎಂದು ನಾನು ಅತ್ತೆಗೆ ವಿವರಿಸಿದೆ. ದೇಶ, ಆಚಾರ, ಸಂಸ್ಕೃತಿ ಎಂದು ದೊಡ್ಡ ದೊಡ್ಡ ಮಾತಾಡಿದೆ. ಅತ್ತೆ ಆ ಎರಡು ತಾಟುಗಳನ್ನು ಸೆರಗಿನಿಂದ ಮತ್ತೊಮ್ಮೆ ಒರೆಸುತ್ತ ಎಲ್ಲ ಕೇಳಿಸಿಕೊಂಡರು.

“ಖಾಲಿ ತಾಟ ಕೊಟ್ರ ಇನ್ನ ನಮ್ಮ ಮನೀಗೆ ಬರಬ್ಯಾಡ್ರಿ ಅಂದಂಗ, ಸವಿತಾ,” ಎಂದರು.

ಆ ಮೇಲೆ ಅವರು ಬಾಗಿಲ ಕಡೆ ನಡೆದಾಡುವುದನ್ನು ಬಿಟ್ಟರು. ಕಿಟಕಿಯ ಹತ್ತಿರ ಕೂತೇ ಇರುತ್ತಿದ್ದರು. ನನಗೆ ಅವರ ನಡೆದಾಟವೇ ವಾಸಿಯಿತ್ತು ಅನ್ನಿಸಿತು. ತಿಂಗಳು ಮುಗಿದು ಮೂವರನ್ನೂ ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, ನಿನ್ನ ಕೆಲಸ ಚಲೋ ಐತಿ, ನೀ ಇರು, ನನ್ನ ಕೈಲೆ ಆಗೂದಿಲ್ಲ ಎಂದರು. ಪಲ್ಲವಿ ನನ್ನ ಕಡೆ ನೋಡದೆ ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡು ಒಳಗೆ ಹೋದಳು. ತಿರುಗಿ ಬರುವಾಗ ಟ್ಯಾಕ್ಸಿಯಲ್ಲಿ ನಾನು ಅತ್ತುಬಿಟ್ಟೆ, ಅದು ನನ್ನನ್ನು ನಾನೇ ಬೈದುಕೊಳ್ಳುವ ಅಳು.

ಮುಂದಿನ ದಿನಗಳಲ್ಲಿ ನನ್ನ ಚಡಪಡಿಕೆ ಮಿತಿ ಮೀರಿತು. ನಮ್ಮ ರೋಗಿಗಳು ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ತಾಸು ಅಲುಗದೆ ಮಲಗುತ್ತಾರೆ. ಅವರ ನಡುವೆ ನಾನು ಸುಮ್ಮನೆ ಓಡಾಡುತ್ತಿದ್ದೆ. ವಯಸ್ಸಾದ ಒಬ್ಬರು, ಮಗಳೇ, ಸೂಜಿ ಚುಚ್ಚಿರುವುದು ನನಗೋ ನಿನಗೋ ಎಂದು ಕೇಳಿಯೂಬಿಟ್ಟರು. ಕರಾರಿನ ಕಾಗದ ಚೀಲದಲ್ಲಿಟ್ಟುಕೊಂಡು ಹೋಗುವೆ, ಹಾಗೆಯೇ ತರುವೆ. ಬೆಳಗ್ಗೆ ಊರಿಗೆ ಮರಳುವುದೇ ಸರಿ ಅನ್ನಿಸುತ್ತಿತ್ತು, ಮಧ್ಯಾಹ್ನಕ್ಕೆ ಇಲ್ಲ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಬಾಗಿಲ ಗಂಟೆ ಸದ್ದಾಯಿತು. ಮಾದಾಮ್ ನಾದಿಯಾ. ಕೈಯಲ್ಲಿ ಗಾಜಿನ ದೊಡ್ಡ ಬಟ್ಟಲು, ಅದಕ್ಕೆ ಮುಚ್ಚಳವಾಗಿ ನಮ್ಮ ಮಾವನ ಹೆಸರಿನ ಸ್ಟೀಲಿನ ತಾಟು. ಅತ್ತೆ ರೊಟ್ಟಿ ಕೊಟ್ಟ ಮರುದಿನವೇ ಅವರು ಸಾಲೆಯ ರಜೆಗೆ ತಮ್ಮ ಊರಿಗೆ ಹೊರಟಿದ್ದರಂತೆ. ಮನೆಯಲ್ಲಿ ಏನೂ ಇರಲಿಲ್ಲ, ತಾಟನ್ನು ಖಾಲಿ ಕೊಡುವುದು ಹೇಗೆ, ಅದು ಐಬ್ ಎಂದರು. ಈ ಮಾತು ನಮ್ಮ ಕಡೆಯೂ ಇದೆ, ಐಬು ಎಂದರೆ ಕುಂದು ಎಂದು ರಾಮದುರ್ಗದ ದನದ ದಲ್ಲಾಳಿಗೂ ಗೊತ್ತು. ಬಟ್ಟಲಿನಲ್ಲಿ ರವೆಯ ಸಿಹಿ ಇತ್ತು, ಬಸ್ಬೂಸಾ ಅಂತೆ. ಆ ಅಮ್ಮ ಎಲ್ಲಿ ಎಂದು ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. ಊರಿಗೆ ಹೋದರು ಎಂದೆ.

ಅತ್ತೆಗೆ ಫೋನು ಮಾಡಿದೆ. ತಾಟು ತುಂಬಿ ಬಂತ್ರಿ ಅತ್ತಿ ಎಂದೆ. ಅವರು ಮೊದಲು ಕೇಳಿದ್ದು ರವೆಯನ್ನು ತುಪ್ಪದಲ್ಲಿ ಹುರಿದಿದ್ದಾರೋ ಎಣ್ಣೆಯಲ್ಲೋ ಎಂದು. ತುಪ್ಪ ಎಂದೆ. ಬಟ್ಟಲು ಯಾರದು ಎಂದರು. ಅವರದೇ ಎಂದೆ.

“ಆಕಿ ಬಟ್ಟಲಾ ಖಾಲಿ ಕೊಟ್ಟುಗಿಟ್ಟೀ ಮತ್ತ,” ಎಂದರು. “ನಿನಗ ನೆಟ್ಟಗ ರೊಟ್ಟಿ ಬಡಿಯಾಕ ಬರಂಗಿಲ್ಲ. ನಾ ಬಂದು ಕೊಡತೇನಿ. ಅಲ್ಲೀತನಕ ಇಟಗೊಂಡಿರು.”

ಮರುದಿನ ಕಾಗದಕ್ಕೆ ಸಹಿ ಹಾಕಿದೆ. ವೀಸಾ ಬರಲು ಇನ್ನೂ ಸಮಯವಿದೆ. ಮೊಳೆಯನ್ನು ಇನ್ನೂ ಹೊಡೆದಿಲ್ಲ, ಯಾವ ಗೋಡೆಗೆ ಎಂದು ಅತ್ತೆ ಬಂದು ಹೇಳಲಿ. ಚಡಪಡಿಕೆಯೇನೂ ಕಡಿಮೆಯಾಗಿಲ್ಲ, ಈಗ ಅದು ಬಟ್ಟಲಿನ ಸುತ್ತ ಓಡಾಡುತ್ತಿದೆ. ಲಿಫ್ಟಿನಲ್ಲಿ ಸಿಕ್ಕಾಗ ಮಾದಾಮ್ ನಾದಿಯಾ ಮೊದಲಿನ ಹಾಗೇ ನಗುತ್ತಾರೆ, ಆದರೆ ನಗುವಿನ ಕೊನೆಗೆ ಅವರ ಕಣ್ಣು ನನ್ನ ಖಾಲಿ ಕೈಗಳ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಕೊಟ್ಟ ಬಟ್ಟಲು ನುಂಗಿದ ಮನೆ ಇದು ಅಂದುಕೊಂಡಿರಬಹುದು. ಅಂದುಕೊಳ್ಳಲಿ. ನಾವೂ ಅವರ ಬಗ್ಗೆ ಒಂದು ತಿಂಗಳು ಹಾಗೇ ಅಂದುಕೊಂಡಿದ್ದೆವು.