ಅವರ ತಾತನ ಧಾಟಿ

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಮೊಳಕಾಲ್ಮೂರಿನಲ್ಲಿ ನನ್ನ ಮಗ್ಗದಿಂದ ಇಳಿದ ಸೀರೆಯಲ್ಲಿ ಯಾರು ಕಣ್ಣಿಟ್ಟು ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರುವ ರೇಷ್ಮೆ ಸೀರೆಗೆ ಮೂರು ಲಾಳಿ ಬೇಕು, ಇಬ್ಬರು ಬೇಕು. ನನ್ನ ಪಕ್ಕ ಕೂತು ಆ ಕಡೆಯ ಅಂಚಿನ ಲಾಳಿ ಹಾಕುತ್ತಿದ್ದವನು ನನಗಿಂತ ಆರು ವರ್ಷ ದೊಡ್ಡವನು. ಒಡಹುಟ್ಟಿದವನಲ್ಲ, ಆದರೂ ಅಣ್ಣ ಎಂದೇ ಕರೆಯುತ್ತಿದ್ದೆ. ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದು ಮುಂದೆ ಹಾಡುವವನೂ ಅವನೇ. ಅವನು ಬಿಟ್ಟ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುವವನು ನಾನು. ಒಮ್ಮೆಯಾದರೂ ಮುಂದೆ ಕೂತು ಹಾಡಬೇಕೆಂಬ ಆಸೆ ನನಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಟೇಪ್‌ರೆಕಾರ್ಡರ್ ಕೆಟ್ಟಿತು. ಚಳ್ಳಕೆರೆಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಸಾಹೇಬರು ಬೆಲ್ಟು ಬದಲಿಸಿ, ಪರೀಕ್ಷೆಗೆಂದು ಒಂದು ಕ್ಯಾಸೆಟ್ ಹಾಕಿದರು. ಗಂಡಸಿನ ದನಿ. ತಾಳವಿಲ್ಲ. ಒಂದೇ ಉಸಿರಿನಲ್ಲಿ ಮೇಲೇರಿ, ತುದಿಯಲ್ಲಿ ಗಂಟಲು ಒಡೆದು ಒಡೆದು ಇಳಿಯಿತು. ಅಳುವಂತಿತ್ತು, ಆದರೆ ಅಳುವಲ್ಲ.

“ಏನ್ರಿ ಇದು?”

“ಅಜರ್‌ಬೈಜಾನ್ ಅಂತ ದೇಶ ಐತಂತೆ, ಮೊದ್ಲು ರಷ್ಯಾದಾಗಿತ್ತು. ನಮ್ಮ ಭಾಮೈದ ದುಬೈನಾಗೆ ಆ ಕಡೆಯೋನ ಜೊತೆ ಕೆಲಸ ಮಾಡ್ತಿದ್ದ, ಅವನು ಕೊಟ್ಟಿದ್ದು. ದೇವರನ್ನ ಕರೆಯೋದಂತೆ. ಮಾತು ನನಗೂ ತಿಳಿಯಲ್ಲ.”

“ಮತ್ಯಾಕೆ ಹಾಕ್ತೀರಿ?”

“ಮೋಟ್ರು ಎಳೆದಾಡ್ತಿದ್ರೆ ಈ ಉದ್ದನೆ ದನಿಯಾಗೆ ಥಟ್ ಅಂತ ಗೊತ್ತಾಗ್ತೈತೆ. ಸಿನಿಮಾ ಹಾಡಲ್ಲಿ ಗೊತ್ತಾಗಲ್ಲ!”

ಅದರದೇ ಒಂದು ಕಾಪಿ ಮಾಡಿಸಿಕೊಂಡು ಬಸ್ ಹತ್ತಿದೆ.

ಮಗ್ಗದಲ್ಲಿ ಕೂತಾಗ ಆ ಕ್ಯಾಸೆಟ್ ಹಾಕುವಂತಿರಲಿಲ್ಲ. ತಾಳವಿಲ್ಲದ ಆ ದನಿಯ ಹಿಂದೆ ಕೈ ಹೋದರೆ ಲಾಳಿ ತಡವಾಗುತ್ತಿತ್ತು. ಹಾಗಾಗಿ ಬಿ.ಜಿ. ಕೆರೆ ದಾರಿಯಲ್ಲಿ ಸೈಕಲ್ ತುಳಿಯುತ್ತ ಗಂಟಲು ಒಡೆಯುವುದನ್ನು ಕಲಿತೆ. ಒಂದು ವರ್ಷ ಬೇಕಾಯಿತು. ಆ ಭಾಷೆ ಬಾರದು, ಅದಕ್ಕೆ ನಮ್ಮದೇ ತತ್ವಪದವನ್ನು ಆ ದನಿಗೆ ಕೂರಿಸಿದೆ. ಅಣ್ಣನೊಬ್ಬನಿಗೇ ಹೇಳಿದ್ದೆ.

“ಲೇ ತಮ್ಮ, ಮೇಕೆ ಗಂಟಲಿಗೆ ಜಾಲಿಕಾಯಿ ಸಿಕ್ಕಂಗೈತೆ ಕಣೋ,” ಎಂದು ನಗುತ್ತಿದ್ದ. ಆದರೂ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದಾಗಲೆಲ್ಲ, “ಇನ್ನೊಂದ್ಸಲ ಅನ್ನು, ಆ ತುದೀದು,” ಎನ್ನುತ್ತಿದ್ದ. ನಾನು ಹಾಡಿ ತೋರಿಸುತ್ತಿದ್ದೆ. “ಶ್ರಾವಣಕ್ಕೆ ನಿನ್ನನ್ನ ಮುಂದೆ ಕೂರಿಸ್ತೀನಿ” ಎಂದು ಮಾತು ಕೊಟ್ಟಿದ್ದ.

ಶ್ರಾವಣಕ್ಕೆ ಮೊದಲು ರೇಡಿಯೋದವರು ಅವನನ್ನು ಹಾಡಲು ಕರೆಸಿಕೊಂಡರು. ಪ್ರಸಾರವಾದ ದಿನ ಇಬ್ಬರೂ ಮಗ್ಗದಲ್ಲಿದ್ದೆವು. ಅವನು ಯಾವತ್ತೂ ಹಾಡುವ ತೆಲುಗು ತತ್ವಪದ ಬರುತ್ತದೆಂದು ಕಾದಿದ್ದೆ. ಬಂದದ್ದು ನನ್ನ ಪದ, ನಾನು ಕಲಿತ ದನಿ, ಒಡೆಯುವ ಆ ತುದಿ. ಈ ಧಾಟಿ ಎಲ್ಲಿಂದ ಬಂತು ಎಂದು ರೇಡಿಯೋದವರು ಕೇಳಿದರು. “ನಮ್ಮ ತಾತನಿಂದ ಬಂದಿದ್ದು. ನಮ್ಮನೇಲಿ ಬಿಟ್ರೆ ಬೇರೆ ಯಾರಿಗೂ ಬರಲ್ಲ,” ಎಂದಿತು ರೇಡಿಯೋದೊಳಗಿನ ಅವನ ದನಿ.

ಅವನ ಲಾಳಿ ನನ್ನ ಕಡೆ ಬಂತು. ನಾನು ತೆಗೆದುಕೊಳ್ಳಲಿಲ್ಲ.

“ನಿಮ್ಮ ತಾತ ಯಾವಾಗಣ್ಣ ಹಾಡ್ತಿದ್ದ?”

“ಕೇಳಿದ್ರಪ್ಪ, ಬಾಯಿಗೆ ಬಂದದ್ದು ಅಂದೆ. ಟೇಪ್ ಕೇಳಿ ಕಲ್ತಿದ್ದು ಅಂದಿದ್ರೆ ಮರ್ಯಾದೆ ಇರ್ತಿತ್ತಾ?”

“ನಾನು ಕಲಿಸಿದ್ದು ಅಂತಾದ್ರೂ ಅನ್ನಬೌದಿತ್ತು.”

“ನೀನು ಹಿಂದೆ ಎತ್ತಿಕೊಳ್ಳೋನು ಕಣೋ. ನೀನು ಕಲಿಸಿದೆ ಅಂದ್ರೆ ಯಾರು ನಂಬ್ತಾರೆ?”

ಸೀರೆ ಅರ್ಧ ನೇಯ್ದು ಮಗ್ಗದ ಮೇಲಿತ್ತು. ನಡುವೆ ಎದ್ದು ಹೋಗುವುದು ನನ್ನ ಜಾಯಮಾನವಲ್ಲ. ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಕೂತೇ ಅದನ್ನು ಮುಗಿಸಿದೆವು. ಅದರಲ್ಲೂ ತಪ್ಪಿರಲಿಲ್ಲ.

ಶ್ರಾವಣದ ಸೋಮವಾರ ಸಂಜೆ ಭಜನೆಯ ಹಿರಿಯರು, “ನೀನೂ ಒಂದು ಹಾಡಪ್ಪ, ಮುಂದಕ್ಕೆ ಬಾ,” ಎಂದರು. ಹೋಗಿ ಕೂತೆ. ನನ್ನ ಹತ್ತಿರ ಇದ್ದದ್ದು ಅದೊಂದೇ, ಅದನ್ನೇ ಎತ್ತಿದೆ. ಎರಡನೇ ಸಾಲಿಗೆ ಹಿರಿಯರು ಕೈ ಅಡ್ಡ ಹಿಡಿದರು.

“ಅದು ಅವರ ಮನೆತನದ್ದಲ್ವೇನೋ? ನೀನು ನಿಂದು ಹಾಡು.”

ನಾನು ಅಣ್ಣನ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. ಅವನು ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತ, ಎಲ್ಲರಿಗೂ ಕೇಳುವ ಹಾಗೆ, “ಇರ್ಲಿ ಬಿಡಿ, ಪಾಪ. ಜೊತೆಗೆ ಕೂತು ಕೇಳಿ ಕೇಳಿ ಬಂದೈತೆ,” ಎಂದ.

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಆ ದೇಶದ ಹಾಡುಗಾರನ ಹೆಸರು ನನಗೂ ಗೊತ್ತಿಲ್ಲ, ನಿಜ. ಆದರೆ ನಾನು ಅವನನ್ನು ನಮ್ಮ ತಾತ ಎಂದವನಲ್ಲ.

ಮರುವಾರ ಮಗ್ಗಗಳ ಮಾಲೀಕರನ್ನು ಕೇಳಿ ಸಣ್ಣ ಅಂಚಿನ, ಒಂದೇ ಲಾಳಿಯ ಸೀರೆಯ ಕೆಲಸಕ್ಕೆ ಬದಲಾದೆ. ಅದನ್ನು ಒಬ್ಬನೇ ನೇಯಬಹುದು.